ಹಳದಿ ಉಟ್ಟ ಮಹಾರಾಣಿ

(ಉಪನ್ಯಾಸವೊಂದರ ಬರಹರೂಪ)

ವಿಯೆಟ್ನಾಂ ಎಂದೊಡನೆ ನಮಗೆ ಹೋ ಚಿ ಮಿನ್ ಮತ್ತು ಅಮೆರಿಕದ ಬಾಂಬುಗಳು ನೆನಪಾಗುತ್ತವೆ. ಅದಕ್ಕೂ ಹಿಂದೆ, ಫ್ರೆಂಚರ ಆಳ್ವಿಕೆಯಲ್ಲಿ ಬೆಳೆದ ಹೆಣ್ಣುಮಗಳೊಬ್ಬಳ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಹೆಸರು ನುಯೆನ್ ಹುವು ಥಿ ಲಾನ್. ದಕ್ಷಿಣದ ಗೋ ಕಾಂಗ್ ಸೀಮೆಯ ಶ್ರೀಮಂತ ಕ್ಯಾಥೊಲಿಕ್ ಮನೆತನದವಳು. ದಕ್ಷಿಣ ಭಾಗ ಫ್ರಾನ್ಸಿನ ನೇರ ವಸಾಹತು. ನಡುಭಾಗದ ಹ್ಯೂ ನಗರದಲ್ಲಿ ಮಾತ್ರ ಚಕ್ರವರ್ತಿಯೊಬ್ಬ ಹೆಸರಿಗೆ ಉಳಿದಿದ್ದ. ಹನ್ನೆರಡರ ಪ್ರಾಯದಲ್ಲೇ ಲಾನ್‌ಳನ್ನು ಪ್ಯಾರಿಸ್ ಪಕ್ಕದ ಕಾನ್ವೆಂಟೊಂದಕ್ಕೆ ಕಳಿಸಿದರು. ಅದರ ಹೆಸರಿಗೆ ‘ಹಕ್ಕಿಗಳ ಮಠ’ ಎಂದರ್ಥ. 1932ರಲ್ಲಿ ಆಕೆ ಊರಿಗೆ ಮರಳಿದಳು.

ಚಕ್ರವರ್ತಿ ಬಾವೊ ದಾಯಿಯೂ ಫ್ರಾನ್ಸಿನಲ್ಲೇ ಓದಿದವನು. ದಾಲಾತ್ ಗಿರಿಧಾಮದಲ್ಲಿ ಇಬ್ಬರ ಭೇಟಿಯಾಯಿತು. ಇಂಥ ಜೋಡಿ ತಮಗೆ ಅನುಕೂಲವೆಂದು ಫ್ರೆಂಚರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಹೆಣ್ಣಿನ ಕಡೆಯ ಷರತ್ತುಗಳನ್ನು ನೋಡಿ: ಮದುವೆಯೊಂದಿಗೇ ಮಹಾರಾಣಿ ಪಟ್ಟ ಕಟ್ಟಬೇಕು, ತಾನು ಮತ ಬಿಡುವುದಿಲ್ಲ, ಮಕ್ಕಳೂ ಕ್ರೈಸ್ತರಾಗಿಯೇ ಬೆಳೆಯಬೇಕು. ಮೊದಲನೆಯದೇ ದೊಡ್ಡದು. ನುಯೆನ್ ರಾಜವಂಶದಲ್ಲಿ, ಮೂಲಪುರುಷ ಜಿಯಾ ಲಾಂಗ್‌ನ ಕಾಲ ಬಿಟ್ಟರೆ, ಅರಸನ ಮಡದಿಗೆ ಬದುಕಿರುವಾಗ ಆ ಪಟ್ಟ ಕೊಡುವ ರೂಢಿ ಇರಲಿಲ್ಲ. ಅಂತಃಪುರದಲ್ಲಿ ದರ್ಜೆವಾರು ರಾಣಿಯರಿರುತ್ತಿದ್ದರು, ಅಷ್ಟೇ. ಪೂರ್ವಜರ ಪೂಜೆಯೇ ರಾಜಧರ್ಮವಾದ ಆಸ್ಥಾನಕ್ಕೆ ಈಗ ಶಿಲುಬೆ ಧರಿಸಿದ ರಾಣಿ! ಅತ್ತ ರೋಮಿಗೂ ಅನ್ಯಮತೀಯನೊಡನೆ ಈ ಸಂಬಂಧ ಹಿತವೆನಿಸಲಿಲ್ಲ.

1934ರ ಮಾರ್ಚ್ 20ರಂದು ಹ್ಯೂನಲ್ಲಿ ಮದುವೆ ನಡೆಯಿತು. ಆಕೆಗೆ ನಾಮ್ ಫುವಾಂಗ್, ಅಂದರೆ ದಕ್ಷಿಣದ ಪರಿಮಳ, ಎಂಬ ಬಿರುದು ಬಂತು. ಚಕ್ರವರ್ತಿಗೇ ಮೀಸಲಾಗಿದ್ದ ಹಳದಿ ಬಣ್ಣವನ್ನು ಉಡುವ ಹಕ್ಕೂ ಸಿಕ್ಕಿತು. ಏಕಪತ್ನೀವ್ರತ ಮಾತ್ರ ಗಂಡನಿಗೆ ಒಗ್ಗಲಿಲ್ಲ.

1945ರ ಆಗಸ್ಟ್‌ನಲ್ಲಿ ಬಾವೊ ದಾಯಿ ಸಿಂಹಾಸನ ತ್ಯಜಿಸಿದ. ಹೋ ಚಿ ಮಿನ್ ಸರ್ಕಾರ ಜನರಿಂದ ಚಿನ್ನ ಕೂಡಿಸಲು ಹೊರಟಾಗ ಈಕೆ ತನ್ನ ಒಡವೆ ಬಿಚ್ಚಿಕೊಟ್ಟಳು. ಫ್ರೆಂಚ್ ಸೇನೆ ದಕ್ಷಿಣಕ್ಕೆ ಮರಳಿದಾಗ, ಫ್ರೆಂಚ್ ಸನ್ಯಾಸಿನಿಯರ ಈ ಶಿಷ್ಯೆ ಅದರ ವಿರುದ್ಧ ಹೊರದೇಶದವರಿಗೆ ಬಹಿರಂಗ ಮನವಿ ಹೊರಡಿಸಿದಳು.

ಆದರೆ 1947ರಲ್ಲಿ ಮಕ್ಕಳೊಂದಿಗೆ ಆಕೆ ಹೊರಟದ್ದು ಫ್ರಾನ್ಸಿಗೇ. ಇದನ್ನು ಇಬ್ಬಂದಿತನ ಎನ್ನಬಹುದು, ನನಗೆ ಹಾಗನ್ನಿಸುವುದಿಲ್ಲ. ಯುದ್ಧದ ನಡುವೆ ಐದು ಮಕ್ಕಳ ತಾಯಿ, ತನಗೆ ಭಾಷೆ ಗೊತ್ತಿದ್ದ, ತಾನು ಓದಿ ಬೆಳೆದ ನಾಡಿಗೆ ಹೋದಳು. ಅದು ತನ್ನ ನಾಡನ್ನು ಆಳಿದವರ ನಾಡೂ ಆಗಿತ್ತು. 1963ರಲ್ಲಿ ಶಾಬ್ರಿನ್ಯಾಕ್ ಎಂಬ ಹಳ್ಳಿಯಲ್ಲಿ ತೀರಿಕೊಂಡಳು. ಅಲ್ಲಿನ ಆಕೆಯ ಸಮಾಧಿಯ ಮೇಲೆ ಚೀನೀ ಲಿಪಿಯಲ್ಲೂ ಫ್ರೆಂಚಿನಲ್ಲೂ ಬರೆದಿದ್ದಾರೆ.