ಸಣ್ಣ ಮೈಕಟ್ಟಿನ ಬಲ
ಕೊಲ್ಹಾಪುರದ ತಾಲೀಮುಗಳಲ್ಲಿ, ಅಂದರೆ ಕೆಮ್ಮಣ್ಣಿನ ಕುಸ್ತಿ ಗರಡಿಗಳಲ್ಲಿ, ದೇಹದ ಗಾತ್ರಕ್ಕೆ ಸಲ್ಲುವ ಗೌರವ ಹಳೆಯದಾದರೂ, ಅಲ್ಲಿ ಪಳಗಿದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಬ್ಯಾಂಟಮ್‌ವೇಟ್ ಎಂಬ, 57 ಕಿಲೋ ಮಿತಿಯ ಹಗುರ ವರ್ಗದಲ್ಲಿ. ಹಾಗೆಯೇ, ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ, ಗಡಹಿಂಗ್ಲಜಗಳ ಸಣ್ಣ ಮೈಕಟ್ಟಿನ ಮಹಿಳೆ ಭಾರ ಎತ್ತುವ ವ್ಯಾಯಾಮ ಆರಂಭಿಸುವಾಗ, ಎತ್ತರ ಮತ್ತು ಎಲುಬಿನ ಅಗಲ ಬದಲಾಗವು, ಸ್ನಾಯುವಿನ ಶಕ್ತಿ ಮಾತ್ರ ಬೆಳೆಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಗುರಿ ನಿಶ್ಚಯಿಸುವುದು ಉಚಿತ. ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಬಹುಮಟ್ಟಿಗೆ ಸ್ನಾಯು ದಪ್ಪವಾಗುವುದರಿಂದಲ್ಲ, ನರಗಳು ಸ್ನಾಯುತಂತುಗಳನ್ನು ಒಟ್ಟಾಗಿ ದುಡಿಸಲು ಕಲಿಯುವುದರಿಂದ. ಹೀಗಾಗಿ ಆ ಅವಧಿಯಲ್ಲಿ ಕನ್ನಡಿಗಿಂತ (ಅದು ಯಾರನ್ನೂ ಬೇಗ ಮೆಚ್ಚದು) ಎತ್ತಿದ ತೂಕದ ಲೆಕ್ಕವೇ ನಂಬಲರ್ಹ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 49 ಕಿಲೋ ವರ್ಗದ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಸ್ನ್ಯಾಚ್ ಹಾಗೂ ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ವಿಧಾನಗಳಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆದರೆ ಅದು ಬಹುವರ್ಷಗಳ ತರಬೇತಿಯ ಫಲವೇ ಹೊರತು ಮೊದಲ ವರ್ಷದ ಅಳತೆಗೋಲಲ್ಲ.