ಕಥೆ ಭಾಗವತರದು, ಅರ್ಥ ಯಾರದು?

ಪಗಡೆ, ಚೌಕಾಬಾರಗಳನ್ನು ನೀವು ಬಲ್ಲಿರಿ. ದಾಳವೋ ಕವಡೆಯೋ ಹೇಳಿದಂತೆ ಕಾಯಿ ನಡೆಯುತ್ತದೆ, ಕಾಯಿಗೆ ಬಾಯಿಲ್ಲ. ಬಾಯಿ ಬಂದರೆ ಹೇಗಿದ್ದೀತು? ಅಂಥದೊಂದು ಆಟ 1974ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಸೂತ್ರಧಾರ. ಕಾಡು, ಕೋಟೆ, ರಕ್ಕಸರು ಎಲ್ಲವೂ ಅವನ ಮಾತಿನಿಂದಲೇ ಹುಟ್ಟಬೇಕು. ಉಳಿದವರು ಒಂದೊಂದು ಪಾತ್ರವಾಗಿ, ‘ನಾನು ಬಾಗಿಲನ್ನು ಒಡೆಯುತ್ತೇನೆ’, ‘ನಾನು ಕಾವಲುಗಾರನನ್ನು ಮರುಳುಮಾಡುತ್ತೇನೆ’ ಎನ್ನುತ್ತಾರೆ. ಆದೀತೋ ಆಗದೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ.

ಮೈಸೂರಿನಲ್ಲಿ ಓದುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬ ಈ ಆಟದ ಮೇಲೆ ಒಂದು ದೂರು ತಂದ. “ಮೇಷ್ಟ್ರೇ, ನಾವು ಏನು ಹೇಳಿದರೂ ಆಟ ನಡೆಸುವವನು ತಾನು ಮೊದಲೇ ಕಟ್ಟಿಕೊಂಡ ಕಥೆಗೇ ನಮ್ಮನ್ನು ಎಳೆದುಕೊಂಡು ಹೋಗುತ್ತಾನೆ. ಹಾಗಾದರೆ ನಾವೇಕೆ ಕೂತಿರಬೇಕು?” ಎಂದ. ಪ್ರಶ್ನೆ ಸಣ್ಣದಲ್ಲ. ಹಲವರು ಕೂಡಿ ಕಟ್ಟುವ ಕಥೆಗೆ ಒಡೆಯರಾರು?

ಉತ್ತರಕ್ಕಾಗಿ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಘಟ್ಟ ಇಳಿದರೆ ಸಾಕು. ನಮ್ಮ ಸೀಮೆಯ ಮೂಡಲಪಾಯದಲ್ಲಿ ಮಾತುಗಳು ಬಹುಮಟ್ಟಿಗೆ ಬರೆದಿಟ್ಟವು; ಮರೆತರೆ ಹಿಂದಿನಿಂದ ಭಾಗವತರು ಎತ್ತಿಕೊಡುತ್ತಾರೆ. ಕಾಸರಗೋಡು, ದಕ್ಷಿಣ ಕನ್ನಡಗಳ ತಾಳಮದ್ದಳೆಯ ಬಗೆ ಬೇರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಅಲ್ಲೇ ಮಾತು ಹೂಡುತ್ತಾರೆ. ಬರೆದುಕೊಟ್ಟ ಸಂಭಾಷಣೆ ಒಂದೂ ಇಲ್ಲ.

ವಾಲಿವಧೆಯನ್ನೇ ನೋಡಿ. ವಾಲಿ ಸಾಯಲೇಬೇಕು, ಅದನ್ನು ತಪ್ಪಿಸುವ ಅಧಿಕಾರ ಯಾವ ಅರ್ಥಧಾರಿಗೂ ಇಲ್ಲ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟುದು ನ್ಯಾಯವೇ ಎಂದು ವಾಲಿ ಕೇಳಿದಾಗ, ಆ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಪ್ರಸಂಗಕರ್ತನು ಗೊತ್ತುಮಾಡಿಲ್ಲ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಕೌರವರಂಥವರ ಪಕ್ಷದಿಂದ ವಾದಿಸುವುದರಲ್ಲಿ ಹೆಸರಾದವರು. ಸಾಯುವ ವಾಲಿ ವಾದದಲ್ಲಿ ಗೆದ್ದು ಸಾಯಬಹುದು. ಕೇಳುವವನು ಬೆಳಗಿನ ಜಾವ ಮನೆಗೆ ಹೊತ್ತೊಯ್ಯುವುದು ಬಾಣವನ್ನಲ್ಲ, ಆ ಪ್ರಶ್ನೆಯನ್ನು. ನನ್ನ ಶಿಷ್ಯನ ಸೂತ್ರಧಾರ ಕಿತ್ತುಕೊಂಡದ್ದು ಇದನ್ನೇ. ಅವನು ಕಥೆಯ ದಾರಿಯೊಂದನ್ನು ಮಾತ್ರ ಹಿಡಿದಿದ್ದರೆ ಯಾರೂ ದೂರುತ್ತಿರಲಿಲ್ಲ; ಪಾತ್ರಗಳ ಬಾಯನ್ನೂ ಹಿಡಿದ.

ಹಾಗೆಂದು ಭಾಗವತರು ಬರಿಯ ಹಾಡುಗಾರರೆಂದು ತಿಳಿಯಬೇಡಿ. ಯಕ್ಷಗಾನದಲ್ಲಿ ಅವರನ್ನು ಮೊದಲನೆಯ ವೇಷವೆಂದೇ ಕರೆಯುತ್ತಾರೆ. ಅರ್ಥ ಬೆಳೆದು ಬೇಸರ ತಂದಿತೋ, ಅವರು ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಎಂಥ ಘನ ಪಂಡಿತನಾದರೂ ಅಲ್ಲಿಗೆ ಮಾತು ನಿಲ್ಲಿಸಬೇಕು. (ನಮ್ಮ ಸಭೆಗಳಿಗೂ ಇಂಥ ಒಬ್ಬ ಭಾಗವತರು ದೊರೆತರೆ ಎಷ್ಟು ಉಪಕಾರ!) ಅಂಕೆ ಇದೆ, ಆದರೆ ಆಡುವವನ ಬಾಯಿಗೆ ಅದು ಮಾತು ತುರುಕುವುದಿಲ್ಲ.

ಸೂತ್ರಧಾರನೇ ಬೇಡವೆಂದ ಆಟಗಳೂ ಬಂದಿವೆ. 2009ರಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ರಚಿಸಿದ ‘ಫಿಯಾಸ್ಕೊ’ ಅಂಥದು. ಸರದಿ ಬಂದವನು ಎರಡರಲ್ಲೊಂದನ್ನು ಆರಿಸಬೇಕು: ದೃಶ್ಯವನ್ನು ತಾನೇ ಹೂಡಿದರೆ, ಅದು ಒಳಿತಾಗಿ ಮುಗಿಯಿತೋ ಕೆಡುಕಾಗಿಯೋ ಎಂಬುದನ್ನು ಉಳಿದವರು ತೀರ್ಮಾನಿಸುತ್ತಾರೆ; ಉಳಿದವರು ಹೂಡಿದರೆ ತೀರ್ಮಾನ ಅವನದು. ಹದವಾದ ಏರ್ಪಾಡು, ಒಪ್ಪಿದೆ. ಆದರೆ ಒಂದು ಸಂಜೆಯ ಆಟಕ್ಕೆ ಒಪ್ಪುವುದು ದೀರ್ಘ ಕಥೆಗೆ ಒಪ್ಪೀತೆಂದು ನನಗೆ ನಂಬಿಕೆಯಿಲ್ಲ; ಹೆಣೆಯುತ್ತ ಹೋದ ಎಳೆಗಳನ್ನು ಯಾರಾದರೊಬ್ಬರು ನೆನಪಿಟ್ಟುಕೊಂಡಿರಬೇಕು.

ಇನ್ನೊಂದು ಅಪಾಯ ಆಡುವವರ ನಡುವಿನದು. ವಾಲಿ ಹಳೆಯ ಹುಲಿಯಾಗಿ, ರಾಮನ ಅರ್ಥ ಹೇಳುವವನು ಮೊನ್ನೆ ಮೊನ್ನೆ ಕಲಿತ ಹುಡುಗನಾದರೆ? ಹುಡುಗನ ಬಾಯಿ ಕಟ್ಟಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆಮೇಲೆ ಉಳಿಯುವುದು ಪ್ರಸಂಗವಲ್ಲ, ಒಬ್ಬನ ಉಪನ್ಯಾಸ. ಬಲ್ಲ ಅರ್ಥಧಾರಿ ಎದುರಾಳಿಗೆ ಉತ್ತರ ಹೊಳೆಯುವಂತೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾನೆ. ಆಟ ತೊಡಗುವ ಮುನ್ನ ಭಾಗವತರೂ ಅರ್ಥಧಾರಿಗಳೂ ಕುಳಿತು, ಯಾವ ಪದ್ಯ ಇರಲಿ, ಯಾವುದನ್ನು ಬಿಡೋಣ ಎಂದು ಗೊತ್ತುಮಾಡಿಕೊಳ್ಳುವುದುಂಟು. ಮೇಜಿನ ಸುತ್ತ ದಾಳ ಹಿಡಿದು ಕೂರುವ ನಮ್ಮ ಹುಡುಗರೂ ಆ ಹತ್ತು ನಿಮಿಷವನ್ನು ಮೊದಲಿಗೆ ತೆಗೆದಿಡಬಹುದು: ಕಥೆಯಲ್ಲಿ ಯಾವುದು ಕದಲದು, ಯಾವುದು ಯಾರ ಮಾತಿಗೆ ಬಿಟ್ಟದ್ದು, ಮಾತು ಉದ್ದವಾದರೆ ಮುಂದಿನ ಪದ್ಯ ಎತ್ತುವವರು ಯಾರು.