ಪದದ ಬೆನ್ನು ಹತ್ತಿ: ‘ಮಂಡೇನ್’

ಕಳೆದ ವಾರದ ಫೋನ್‌-ಇನ್‌ನಲ್ಲಿ ಡೊಂಬಿವಲಿಯಿಂದ ಒಬ್ಬ ಕೇಳುಗರು ಕರೆ ಮಾಡಿದ್ದರು. “ದಿನವಿಡೀ ಏನು ಮಾಡ್ತೀರಿ ಅಕ್ಕಾ?” ಎಂದು ಕೇಳಿದೆ. “ನಮ್ದೇನಿದೆ, ಕಸ ಗುಡಿಸೋದು, ಪಾತ್ರೆ ತೊಳೆಯೋದು, ನೆಲ ಒರೆಸೋದು. ನಮ್ಮ ಹುಡುಗ ಹೇಳ್ತಾನೆ, ಅಮ್ಮಂದು ಮಂಡೇನ್ ಲೈಫ್ ಅಂತ” ಎಂದು ನಕ್ಕರು. ನಾನೂ ನಕ್ಕು, ಅವರು ಕೇಳಿದ ಹಾಡು ಹಾಕಿಬಿಟ್ಟೆ. ಹಾಡು ಮುಗಿಯುವಷ್ಟರಲ್ಲಿ ನನ್ನ ನಗು ನನ್ನನ್ನೇ ಚುಚ್ಚತೊಡಗಿತು. ಮನೆಗೆ ಹೋದವಳೇ ನಿಘಂಟು ತೆರೆದೆ.

ಸೋಮವಾರದ ‘ಮಂಡೇ’ಗೂ ಈ ‘ಮಂಡೇನ್‌’ಗೂ ನಂಟಿಲ್ಲ. ಬೆಳಿಗ್ಗೆ ಲೋಕಲ್ ಹಿಡಿಯುವವರಿಗೆ ಎರಡೂ ಒಂದೇ ಅನ್ನಿಸಿದರೆ ಅದು ಬೇರೆ ಮಾತು! ಇದರ ಬೇರು ಲ್ಯಾಟಿನ್ ಭಾಷೆಯ ‘ಮುಂಡುಸ್’. ಅಂದರೆ ಲೋಕ. ಹಾಗಾಗಿ ಮಂಡೇನ್ ಎಂದರೆ ಮೊದಲು ನಮ್ಮ ‘ಲೌಕಿಕ’ ಎಂದಷ್ಟೇ ಅರ್ಥವಿತ್ತು. ಸ್ವರ್ಗದ್ದಲ್ಲ, ಈ ಲೋಕದ್ದು. ‘ನೀರಸ’ ಎಂಬ ಅರ್ಥ ಅಂಟಿಕೊಂಡದ್ದು ಆಮೇಲೆ.

ಸ್ವಾರಸ್ಯ ಇರುವುದು ಮುಂದೆ. ಲ್ಯಾಟಿನ್ನಿನಲ್ಲಿ ‘ಮುಂಡುಸ್’ಗೆ ಶುಚಿ, ಒಪ್ಪ, ಅಲಂಕಾರ ಎಂಬ ಅರ್ಥಗಳೂ ಇವೆ. ಹಳೆಯ ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ಗಾಯ ತೊಳೆದು ಶುಚಿ ಮಾಡುವುದಕ್ಕೆ ‘ಮಂಡಿಫೈ’ ಎನ್ನುತ್ತಿದ್ದರು. ಲೋಕ ಮತ್ತು ಶುಚಿ ಮೂಲದಲ್ಲಿ ಒಂದೇ ಪದವೇ ಎಂದು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ. ಆದರೆ ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಗೆ ಅನುಮಾನವಿರಲಿಲ್ಲ. ಗ್ರೀಕರು ವಿಶ್ವಕ್ಕೆ ಅಲಂಕಾರ ಎಂಬರ್ಥದ ‘ಕಾಸ್ಮೋಸ್’ ಎಂದು ಹೆಸರಿಟ್ಟರು, ನಾವು ಅದರ ಪರಿಪೂರ್ಣ ಸೊಗಸನ್ನು ಕಂಡು ‘ಮುಂಡುಸ್’ ಎಂದೆವು ಎಂಬುದು ಅವನ ವಿವರಣೆ. ವಿಶ್ವವೆನ್ನುವ ‘ಕಾಸ್ಮೋಸ್’, ನಮ್ಮ ಪೌಡರು-ಕ್ರೀಮಿನ ‘ಕಾಸ್ಮೆಟಿಕ್ಸ್’ ಎರಡೂ ಒಂದೇ ಬೇರಿನವು.

ಇನ್ನೊಂದು ಪದ ನೋಡಿ. ಮಧ್ಯಯುಗದ ಯುರೋಪಿನಲ್ಲಿ ಲೋಕದ ನಕ್ಷೆಗೆ ‘ಮಾಪಾ ಮುಂಡಿ’ ಎನ್ನುತ್ತಿದ್ದರು. ಸುಮಾರು 1300ರಲ್ಲಿ ಒಂದೇ ಕರುವಿನ ಚರ್ಮದ ಮೇಲೆ ಬರೆದ ಅಂಥದೊಂದು ನಕ್ಷೆ ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿದೆ. ‘ಮಾಪಾ’ ಎಂದರೆ ಬಟ್ಟೆ, ಕೈ ಒರೆಸುವ ವಸ್ತ್ರ. ಶಾಲೆಯ ‘ಮ್ಯಾಪ್’, ಊಟದ ಮೇಜಿನ ‘ನ್ಯಾಪ್‌ಕಿನ್’, ಅಡುಗೆಮನೆಯ ‘ಏಪ್ರನ್’ ಮೂರೂ ಆ ಬಟ್ಟೆಯಿಂದಲೇ ಹುಟ್ಟಿದವು.

ಪದದ ಇತಿಹಾಸದಿಂದ ಯಾರ ಬೆನ್ನುನೋವೂ ಕಡಿಮೆಯಾಗದು, ಅದು ನನಗೆ ಗೊತ್ತು. ಅಮ್ಮನ ಕೆಲಸಕ್ಕೆ ಹೆಸರಿಡುವ ಹುಡುಗ ಒಂದು ದಿನ ತಾನೇ ಬಟ್ಟೆ ಹಿಡಿದು ನೆಲ ಒರೆಸಿದರೆ ಕಡಿಮೆಯಾದೀತು. ಆದರೂ ಡೊಂಬಿವಲಿಯ ಅಕ್ಕಾ, ನಿಮ್ಮ ಮಗನಿಗೆ ಇಷ್ಟು ಹೇಳಿ: “ಮಂಡೇನ್ ಅಂದದ್ದು ಸರಿಯೇ ಮಗಾ. ಲೋಕ ಅಂದ್ರೂ ಅದೇ, ಶುಚಿ ಅಂದ್ರೂ ಅದೇ.”

ಅವತ್ತು ನಾನು ನಕ್ಕದ್ದಕ್ಕೆ ಕ್ಷಮೆ ಇರಲಿ. ಮುಂದಿನ ವಾರ ಮತ್ತೆ ಫೋನ್ ಮಾಡಿ. ಈ ಸಲ ಮೊದಲು ನಿಮ್ಮ ಮಾತು, ಆಮೇಲೆ ಹಾಡು.